ಲೇ ಎಂದ ಧ್ವನಿ

ಉಪವಾಸ ಕೂಟವಿದ್ದ ದಿನವೇ ಕನಕರಾಜನಿಗೆ ಎಲ್ಲಿಲ್ಲದ ಹಸಿವು. ಬೇರೆ ದಿನ ಹನ್ನೊಂದಾದರೂ ತಿಂಡಿಯ ನೆನಪಾಗದ ಮನುಷ್ಯನಿಗೆ ತಿಂಗಳ ಎರಡನೇ ಶುಕ್ರವಾರ ಮಾತ್ರ ಎದ್ದ ಗಳಿಗೆಯಿಂದ ಹೊಟ್ಟೆ ತಾಳ ಹಾಕುತ್ತಿತ್ತು. ಮಸ್ಕಿ ಇನ್ನೂ ಎಷ್ಟೋ ದೂರವಿರುವಾಗ, ಕಾರು ಲಿಂಗಸುಗೂರಿನ ಬಸ್ ಸ್ಟ್ಯಾಂಡು ದಾಟುವಷ್ಟರಲ್ಲೇ, ಮಸ್ಕಿಯ ಮಿರ್ಚಿ ಭಜಿಯ ವಾಸನೆ ಮೂಗಿಗೆ ಬಂದುಬಿಡುತ್ತಿತ್ತು. ಸಕ್ಕರೆ ಕಾಯಿಲೆ ಇದೆ, ಗುಳಿಗೆ ನುಂಗಬೇಕು, ಗುಳಿಗೆಗೆ ಮೊದಲು ಒಂದಿಷ್ಟು ತಿನ್ನಬೇಕು, ಡಾಕ್ಟರೇ ಹೇಳಿದ್ದಾರೆ, ದೇವರಿಗೂ ಇದು ಗೊತ್ತು. ಈ ಮಾತುಗಳನ್ನು ಅವನು ಎಷ್ಟು ಚೆಂದವಾಗಿ ಜೋಡಿಸಿಟ್ಟುಕೊಂಡಿದ್ದನೆಂದರೆ, ಯಾರೂ ಕೇಳುವುದಿಲ್ಲವಲ್ಲ ಎಂದು ಒಮ್ಮೊಮ್ಮೆ ಬೇಸರವೇ ಆಗುತ್ತಿತ್ತು. ಆದರೆ ಡಾಕ್ಟರು ಹೇಳಿದ್ದು ಇಡ್ಲಿ. ಮಿರ್ಚಿಯ ಸುದ್ದಿ ಅವರು ತೆಗೆದಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಆದೆಮ್ಮ ತೊಡೆಯ ಮೇಲೆ ಜಿಪ್ಪಿನ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು, ಕಿಟಕಿಯಾಚೆ ನೋಡುತ್ತ, ಗಂಡನ ಹೊಟ್ಟೆಯ ಸದ್ದು ಕೇಳಿಯೂ ಕೇಳದವಳಂತೆ ಕೂತಿದ್ದಳು. ಚೀಲದೊಳಗೆ ತುಂಡುಬಟ್ಟೆ ಸೇರಿಸಿ ಹೊಲಿದ ಹಳೆಯ ಕೌದಿ ಇತ್ತು.

ದಾರಿಯುದ್ದಕ್ಕೂ ಕಂಬಕ್ಕೊಂದರಂತೆ ಅವನದೇ ಮುಖ. ಸಿಂಧನೂರಿನಲ್ಲಿ ಬೃಹತ್ ಉಪವಾಸ ಕೂಟ, ಬೆಳಗ್ಗೆ ಹನ್ನೊಂದಕ್ಕೆ, ಖ್ಯಾತ ದೈವಸೇವಕ ಬ್ರದರ್ ಕನಕರಾಜ್ ಅವರಿಂದ ವಾಕ್ಯ ಮತ್ತು ಸಾಕ್ಷಿ. ಫ್ಲೆಕ್ಸಿನ ಕನಕರಾಜನಿಗೆ ಕೂದಲು ದಟ್ಟವಾಗಿತ್ತು, ಹೊಟ್ಟೆ ಇರಲಿಲ್ಲ, ಬಲಗೈ ತೋರುಬೆರಳು ಮುಗಿಲಿಗೆ ಎತ್ತಿಕೊಂಡಿತ್ತು. ಕೆಳಗೆ ಕೆಂಪಕ್ಷರದಲ್ಲಿ, ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ, ಒಂದೇ ಶಬ್ದ: ‘ಲೇ!’ ಕಾರಿನ ಕನಕರಾಜ ಪ್ರತಿ ಕಂಬದ ಹತ್ತಿರವೂ ಫ್ಲೆಕ್ಸಿನ ಕನಕರಾಜನ ಕಣ್ಣು ತಪ್ಪಿಸಿದ. ಐವತ್ಮೂರು ವರ್ಷದ ಮನುಷ್ಯ ತನ್ನದೇ ಚಿತ್ರಕ್ಕೆ ಅಂಜಿ ಮಿರ್ಚಿ ತಿನ್ನಬೇಕಾದ ಫಜೀತಿ ನೋಡಿ ಅವನಿಗೇ ನಗು ಬಂತು. ನಕ್ಕದ್ದನ್ನು ಆದೆಮ್ಮ ನೋಡಿದಳು. ‘ಎರಡ ತಿನ್ರಿ, ಮೂರ ಬ್ಯಾಡ,’ ಅಂದಳು.

ಆ ‘ಲೇ’ ಇಲ್ಲದಿದ್ದರೆ ಅವನು ಯಾರೂ ಅಲ್ಲ. ಮೂವತ್ತೊಂದು ವರ್ಷದಿಂದ ಅವನು ಹೇಳುತ್ತ ಬಂದ ಸಾಕ್ಷಿ, ದೇವರು ತನ್ನನ್ನು ಕರೆದ ಕತೆ, ಅದೊಂದರ ಮೇಲೆಯೇ ನಿಂತಿತ್ತು. ಜವಳಗೇರಾದ ಕಾಲುವೆಯ ದಂಡೆ, ಉರಿಬಿಸಿಲು, ಹೆಂಡದ ದಾಸನಾಗಿ ಹಾಳಾಗಿ ಹೋದ ಇಪ್ಪತ್ತೆರಡರ ಹುಡುಗ. ಮೊದಮೊದಲು ಆ ಹುಡುಗನಿಗೆ ಬರೀ ಅಮಲಿತ್ತು, ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಜ್ವರವೂ ಬಂತು, ಟಿವಿಯವರು ಬಂದ ವರ್ಷ ಮೂರು ದಿನ ಅನ್ನ ನೀರಿಲ್ಲದೆ ಬಿದ್ದಿದ್ದ, ಈಗ ಯೂಟ್ಯೂಬಿನಲ್ಲಿ ನಾಡಿಯೇ ನಿಂತುಹೋಗಿತ್ತು. ಆಗ ಮೇಲಿನಿಂದ ಒಂದು ಧ್ವನಿ: ‘ಲೇ!’ ತೆಲುಗಿನಲ್ಲಿ ಲೇ ಅಂದರೆ ಏಳು. ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ಗದ್ದೆ ಮಾಡಿ ನೆಲೆನಿಂತವರ ಕ್ಯಾಂಪುಗಳಲ್ಲಿ ಈ ಶಬ್ದ ಕಿವಿಗೆ ಬಿದ್ದರೆ ಮುದುಕಿಯರ ಮೈ ಜುಂ ಅನ್ನುತ್ತಿತ್ತು. ಕನ್ನಡದವರ ಪಾಲಿಗೆ ಅದೇ ‘ಲೇ’ ಗೆಳೆಯನನ್ನೋ ಕಳ್ಳನನ್ನೋ ಕೂಗುವ ಶಬ್ದ, ಆದ್ದರಿಂದ ಕನ್ನಡದ ಊರುಗಳಲ್ಲಿ ಅವನು ಮೊದಲೇ ಅರ್ಥ ಬಿಡಿಸಿ ಹೇಳುತ್ತಿದ್ದ. ಕಣ್ಣು ಬಿಟ್ಟರೆ ಮೈ ಕೆಳಗೆ ಎಲ್ಲಿಂದ ಬಂತೋ ಒಂದು ಕೌದಿ! ನಡೆಯಲಾರದವನಿಗೆ ಯೇಸುಸ್ವಾಮಿ ಹಾಸಿಗೆ ಹೊತ್ತು ನಡೆ ಅಂದ ಹಾಗೆ, ಅವನೂ ಕೌದಿ ಹೊತ್ತು ನಡೆದ. ಅಷ್ಟು ಹೇಳುವಾಗ ಆದೆಮ್ಮ ಜಿಪ್ಪು ಎಳೆದು ಕೌದಿ ಬಿಚ್ಚಬೇಕು, ಜನ ಸ್ತೋತ್ರ ಅನ್ನಬೇಕು.

ನಡೆದದ್ದೇನೋ ಖರೆ, ಆದರೆ ನಡೆಯಲಿಲ್ಲ, ಓಡಿದ್ದ. ಬಿಸಿಲು ಅಷ್ಟಾಗಿ ಇರಲಿಲ್ಲ, ಜ್ವರವೂ ಇರಲಿಲ್ಲ, ಸೇಂದಿ ಕುಡಿದು ಮಧ್ಯಾಹ್ನದ ನಿದ್ದೆ ಮಾಡಿದ್ದ ಅಷ್ಟೆ. ದಂಡೆಯ ಹುಲ್ಲಿನ ಮೇಲೆ ಮೆತ್ತಗೆ ಏನೋ ಹಾಸಿತ್ತು, ಯಾರು ಹಾಸಿದರು ಎಂದು ಕೇಳುವಷ್ಟು ಎಚ್ಚರ ಯಾರಿಗಿತ್ತು? ಕಿವಿಯ ಹತ್ತಿರವೇ ಯಾರೋ ಒದರಿದಾಗ ಹೊಡೆಯಲು ಬಂದರೆಂದು ಬೆದರಿ ಎದ್ದು, ಕಾಲಿಗೆ ಸುತ್ತಿಕೊಂಡಿದ್ದನ್ನು ಎತ್ತಿ ಹೆಗಲಿಗೆ ಹಾಕಿ ಓಟ ಕಿತ್ತಿದ್ದ. ಕ್ಯಾಂಪಿನ ತಗಡಿನ ಶೆಡ್ಡೊಂದರ ಬಾಗಿಲು ತೆರೆದಿತ್ತು, ಒಳಗೆ ನುಗ್ಗಿದ. ಒಳಗೆ ಪ್ರಾರ್ಥನೆ. ಮುದುಕ ಬೋಧಕರೊಬ್ಬರು ತೆಲುಗಿನಲ್ಲಿ ಅದೇ ಹಾಸಿಗೆ ಹೊತ್ತು ನಡೆದವನ ಕತೆ ಹೇಳುತ್ತಿದ್ದರು. ಬಾಗಿಲಲ್ಲಿ ಕೌದಿ ಹೊತ್ತ ಹುಡುಗ. ಯಾರಪ್ಪಾ ನೀನು, ಏನಾಯಿತು ಎಂದು ಕೇಳಿದಾಗ ಅವನು ಏದುಸಿರು ಬಿಡುತ್ತ ಕನ್ನಡದಲ್ಲೇ ಹೇಳಿದ: ‘ಯಾರೋ ಲೇ ಅಂದ್ರುರೀ.’ ಶೆಡ್ಡು ನಡುಗಿಹೋಯಿತು. ಸ್ತೋತ್ರ ಎಂದು ಮೊದಲು ಕೂಗಿದವಳು ಮೂರನೇ ಸಾಲಿನ ಎರಡು ಜಡೆಯ ಹುಡುಗಿ, ಈಗ ಪಕ್ಕದಲ್ಲಿ ಕೂತು ಮಿರ್ಚಿ ಎಣಿಸುತ್ತಿರುವ ಆದೆಮ್ಮ. ಆ ದಿನ ಅವನು ಸುಳ್ಳು ಹೇಳಿರಲಿಲ್ಲ. ಲೇ ಆದಮೇಲೆ ಆ ಧ್ವನಿ ಇನ್ನೂ ನಾಲ್ಕು ಮಾತು ಅಂದಿತ್ತು, ಅದನ್ನು ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಅಷ್ಟೇ ಆದದ್ದು. ಅಲ್ಲಿಂದೀಚೆ ಸೇಂದಿ ಮುಟ್ಟಿದರೆ ಕೇಳಿ.

ಮಸ್ಕಿಯಲ್ಲಿ ಡ್ರೈವರು ಎಂದಿನಂತೆ ನಿಂತ ಲಾರಿಯ ಮರೆಗೆ ಕಾರು ನಿಲ್ಲಿಸಿದ. ಕನಕರಾಜ ತಗಡಿನ ಹೋಟೆಲಿನ ಕೊನೆಯ ಬೆಂಚಿನಲ್ಲಿ, ಗೋಡೆಗೆ ಮುಖ ಮಾಡಿ, ಮಂಡಕ್ಕಿ ನೆನೆಸಿ ಮಾಡಿದ ಮಂಡಾಳ ಒಗ್ಗರಣಿ, ಮಿರ್ಚಿಯ ತಟ್ಟೆ ಎದುರಿಗಿಟ್ಟುಕೊಂಡ. ಮೊದಲ ಮಿರ್ಚಿ ಕಚ್ಚಿದಾಗ ಒಳಗಿನ ಬಿಸಿಗೆ ಬಾಯಿ ತೆರೆದು ಹಾ ಹಾ ಅಂದ. ಆಗಲೇ ಬೆನ್ನ ಹಿಂದಿನಿಂದ ಹೆಂಗಸಿನ ದನಿ ಬಂತು.

‘ಅಯ್ಯನವ್ರ, ಇವತ್ತ ಉಪಾಸ ಅಲ್ಲೇನ್ರಿ?’

ನುಂಗಲೂ ಆಗದೆ ಉಗುಳಲೂ ಆಗದೆ ಅವನು ತಿರುಗಿದ. ಎಪ್ಪತ್ತರ ಹತ್ತಿರದ ಗಟ್ಟಿ ಮುದುಕಿ, ಸೊಂಟಕ್ಕೆ ಎಲೆಯಡಿಕೆ ಚೀಲ, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ಕಣ್ಣಲ್ಲಿ ನೀರು ತುಂಬಿಕೊಂಡು, ಅದು ಖಾರದ್ದು, ಅವನು ತನ್ನ ಸಿದ್ಧಪಾಠ ಶುರುಮಾಡಿದ. ‘ಶುಗರ್ ಐತಿ ಯವ್ವಾ, ಗುಳಗಿ...’

‘ಇರ್ಲಿ ಬಿಡ್ರಿ, ತಿನ್ರಿ. ಹಸದವ್ರು ತಿನ್ನಾಕಽ ಬೇಕು. ನಾ ಏನ್ ಅದನ್ನ ಕೇಳಾಕ ಬಂದಿಲ್ಲ. ನಿಮ್ಮ ಕಾರು ಇಲ್ಲಿ ನಿಂದ್ರತೈತಿ ಅಂತ ಗೊತ್ತಿತ್ತು. ನನ್ನ ಕೌದಿ ಒಯ್ಯಾಕ ಬಂದೀನಿ.’

‘ಯಾವ ಕೌದಿ?’

‘ಯಾವ್ದಂದ್ರ? ಜವಳಗೇರಿ ಕಾಲುವಿ ದಂಡಿ ಮ್ಯಾಲಿಂದ ಹೊತ್ಕೊಂಡು ಓಡಿದ್ರೆಲ್ಲ, ಅದು. ಮಮ್ಮಗಳು ಫೋನಿನ್ಯಾಗ ನಿಮ್ಮ ಇಡಿಯೋ ಹಚ್ಚಿದ್ಲು. ನೋಡ್ತೀನಿ, ನನ್ನ ಕೌದಿ! ನಡುವ ಕೆಂಪ ಚೌಕ ಐತೆಲ್ಲ, ಅದು ನಮ್ಮವ್ವನ ಕುಬಸ. ಬಾಜೂಕ ಹಸರ ಪಟ್ಟಿ ಅಕಿ ಮದಿವಿ ಸೀರಿ. ಅವ್ವ ಸತ್ತ ಮ್ಯಾಲ ನಾಕ ತಿಂಗಳ ಕುಂತ ಹೊಲ್ದಿದ್ದೆ. ಕಾಲುವಿಗೆ ಒಯ್ದು ಒಗದು ಒಣಾ ಹಾಕಿದ್ದೆ, ಹೊಲದ ಮ್ಯಾಲ ಮೊದಲ್ನೇ ಸಲ ಒಗದದ್ದು ಅದು. ಒಂದ ದಿನಾನೂ ಹೊತ್ಕೊಂಡು ಮಲಗಿದ್ದಿಲ್ಲ, ನೋಡ್ರಿ.’

ಅವಳ ಹೆಸರು ಗಿರಿಯಮ್ಮ. ಆಗ ಜವಳಗೇರಾದಲ್ಲಿ ನಾಟಿ ಹಚ್ಚುತ್ತಿದ್ದಳಂತೆ, ಈಗ ಮಸ್ಕಿಯಲ್ಲಿ ಮಗಳ ಮನೆ. ಕನಕರಾಜ ಎಡಗೈಯಿಂದ ಗಲ್ಲ ಒರೆಸಿಕೊಂಡು, ಬಾಯಾರಿದವನಂತೆ ನೀರು ಕುಡಿದು, ಕೌದಿಗಳೆಲ್ಲ ಹಾಗೇ ಇರುತ್ತವೆ, ಕೆಂಪು ಚೌಕ ಯಾವ ಕೌದಿಯಲ್ಲಿಲ್ಲ, ಅಂದ. ಗಿರಿಯಮ್ಮ ಸಿಟ್ಟಾಗಲಿಲ್ಲ. ‘ಒಂದ ಮೂಲ್ಯಾಗ ಹೊಲಿಗಿ ಉಲ್ಟಾ ಬಿದ್ದೈತಿ, ಬೇಕಾದ್ರ ಬಿಚ್ಚಿ ನೋಡ್ರಿ. ಕರೆಂಟ್ ಹೋಗಿತ್ತು, ಅಂದಾಜಿನ ಮ್ಯಾಲ ಹೊಲದೆ,’ ಅಂದಳು. ಬಿಚ್ಚಿ ನೋಡುವುದು ಬೇಕಿರಲಿಲ್ಲ. ಆ ಮೂಲೆಯ ಮೇಲೆ ಅವನು ಮುಕ್ಕಾಲು ತಾಸಿನ ಪ್ರಸಂಗವನ್ನೇ ಮಾಡಿದ್ದ. ಪ್ರಿಯರೇ, ದೇವರ ಕೆಲಸದಲ್ಲಿ ನಮಗೆ ತಿರುವುಮುರುವಾಗಿ ಕಾಣುವ ಒಂದು ಮೂಲೆ ಇದ್ದೇ ಇರುತ್ತದೆ, ಅದರ ಅರ್ಥ ಆತನಿಗೇ ಗೊತ್ತು ಎಂದು. ಆ ಪ್ರಸಂಗ ಮುದಗಲ್ಲಿನಲ್ಲಿ ಜನರನ್ನು ಅಳಿಸಿತ್ತು. ಕರೆಂಟು ಹೋಗಿತ್ತಂತೆ!

ಕೇಳಬಾರದೆಂದು ಅಂದುಕೊಳ್ಳುತ್ತಲೇ ಕೇಳಿಬಿಟ್ಟ. ‘ಆವತ್ತ ನನ್ನ ಎಬ್ಬಿಸಿದ್ದು...’

‘ನಾನಽ. ಮತ್ಯಾರು?’

‘ಏನಂತ ಎಬ್ಬಿಸಿದ್ರಿ?’

‘ಏನಂತಾರ? ಲೇ ಮಂಗ್ಯಾನ ಮಗನ, ಏಳಲೇ, ನಿಮ್ಮಪ್ಪಂದೇನು ಕೌದಿ, ಅಂದೆ.’

ಅದೇ. ಅಕ್ಷರ ಅಕ್ಷರ ಅದೇ. ಮೂವತ್ತೊಂದು ವರ್ಷ ಕಿವಿಯ ತಳದಲ್ಲಿ ಹೂತಿಟ್ಟದ್ದು ಮಿರ್ಚಿ ಅಂಗಡಿಯಲ್ಲಿ ಎದ್ದು ಬಂತು. ಸಾಕ್ಷಿಯಲ್ಲಿ ಆ ಧ್ವನಿ ಅನ್ನುತ್ತಿದ್ದದ್ದು ‘ಲೇ, ನರಪುತ್ರನೇ’ ಎಂದು. ಯಾವ ವರ್ಷ ಮಂಗ್ಯಾನ ಮಗ ಹೋಗಿ ನರಪುತ್ರ ಬಂದನೋ ಅವನಿಗೂ ನೆನಪಿರಲಿಲ್ಲ. ಬೇಕೆಂದೇ ಬದಲಿಸಿದ್ದೂ ಅಲ್ಲ, ಸ್ಟೇಜಿನ ಮೇಲೆ ಒಂದು ದಿನ ನಾಲಿಗೆ ಹಾಗೆ ಹೊರಳಿತು, ಜನಕ್ಕೆ ಹಿತವಾಯಿತು, ನಾಲಿಗೆ ಅಲ್ಲೇ ಕೂತುಬಿಟ್ಟಿತು. ಕೂಟ ಮುಗಿಯಲಿ, ಮಧ್ಯಾಹ್ನ ಖಂಡಿತ ಕೊಡುತ್ತೇನೆ, ಎಂದು ಅವನು ಎದ್ದ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಲು ಮುದುಕಿಗೆ ತಿಳಿಯದ ಬೇರೆ ದಾರಿ ಉಂಟೇ ಎಂದು ಆಗಲೇ ಲೆಕ್ಕ ಹಾಕುತ್ತಿದ್ದ, ಆ ಲೆಕ್ಕಕ್ಕೆ ತನಗೇ ನಾಚಿದ.

‘ಹಂಗಾರ ನಾನೂ ಬರ್ತೀನಿ,’ ಅಂದಳು ಗಿರಿಯಮ್ಮ. ಅವನಿಗಿಂತ ಮೊದಲೇ ಹೋಗಿ, ಡ್ರೈವರಿನ ಬಾಜು ಸೀಟಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ಕೂತುಬಿಟ್ಟಳು.

ಮಸ್ಕಿ ದಾಟಿ ಸ್ವಲ್ಪ ಹೊತ್ತಿಗೆ ಮುದುಕಿ ಕತ್ತು ವಾಲಿಸಿದಳು. ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ ತೆಲುಗಿಗೆ ಹೊರಳಿದರು, ಮನೆಯ ಗುಟ್ಟಿನ ಮಾತಿಗೆ ಅವರಿಗೆ ಅದೇ ಭಾಷೆ. ಕನಕರಾಜ ಪಿಸುದನಿಯಲ್ಲಿ ಎಲ್ಲ ಹೇಳಿದ. ಮಂಗನ ಮಗನನ್ನೂ ಹೇಳಿದ. ಆದೆಮ್ಮ ಚೀಲವನ್ನು ಎದೆಗೆ ಒತ್ತಿಕೊಂಡಳು. ಕೊಟ್ಟರೆ ಮುಂದೇನು ಎಂದಳು. ಈ ಕೌದಿ ಹೊದಿಸಿಕೊಂಡು ಕಾಯಿಲೆ ಬಿಟ್ಟು ಎದ್ದವರು ಎಷ್ಟು ಜನ, ಅವರಿಗೆಲ್ಲ ಏನು ಹೇಳುವುದು, ಊರೂರಿಗೆ ಹೋಗಿ ಮಲಗಿರಪ್ಪಾ ಅಂತ ಹೇಳುವುದೇ? ಇದು ಕದ್ದ ಕೌದಿ ಎಂದು ನನಗೆ ಈವತ್ತು ಗೊತ್ತಾಯಿತು, ಅಂದ. ಆದೆಮ್ಮ ಅವನ ಕಡೆ ತಿರುಗಿದಳು. ನನಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು, ಅಂದಳು. ಇದು ಹೆಂಗಸಿನ ಕೈಹೊಲಿಗೆ, ಯಾವಳೋ ಕೂತು ತಿಂಗಳುಗಟ್ಟಲೆ ಹೊಲಿದಿದ್ದಾಳೆ, ದೇವದೂತರು ಹೀಗೆ ಹೊಲಿಯುತ್ತಾರೇನು?

ಅವನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಇಷ್ಟು ವರ್ಷ ಎರಡು ಸಾವಿರ ಸ್ಟೇಜಿನ ಮೇಲೆ ಈಕೆ ಜಿಪ್ಪು ಎಳೆದು, ಕಣ್ಣು ಮುಚ್ಚಿ, ಕೌದಿ ಬಿಚ್ಚಿ ಹಿಡಿದಿದ್ದಳಲ್ಲ? ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದ. ನೀವು ಕುಡಿಯುವುದು ಬಿಟ್ಟಿರಿ, ಅದು ಸುಳ್ಳಲ್ಲವಲ್ಲ, ಎಂದಷ್ಟೇ ಅಂದು ಆಕೆ ಮತ್ತೆ ಕಿಟಕಿಯಾಚೆ ನೋಡತೊಡಗಿದಳು.

‘ಭಾಳ ಶಾಣ್ಯಾ ಅದಾಳ ನಿಮ್ಮ ಮನಿಯಾಕಿ,’ ಎಂದು ಮುಂದಿನ ಸೀಟು ಕಣ್ಣು ಮುಚ್ಚಿಕೊಂಡೇ ಹೇಳಿತು.

ಇಬ್ಬರೂ ಗಾಬರಿಯಾದರು. ‘ನಿಮಗ ತೆಲುಗು ಬರ್ತದೇನ್ರಿ?’ ಅಂದಳು ಆದೆಮ್ಮ.

‘ಇಪ್ಪತ್ತ ವರ್ಷ ಕ್ಯಾಂಪಿನ್ಯಾಗ ನಾಟಿ ಹಚ್ಚೀನಿ, ಬರಲಾರದ ಏನು? ಆವಾಗ ಬಾಯಾಗ ಎರಡೂ ಭಾಷಾ ಕಲಸಿ ಬರ್ತಿದ್ದುವು. ನಿಮ್ಮ ಲೇ ತೆಲಗಿಂದೋ ಕನ್ನಡದ್ದೋ ಅಂತ ನನ್ನ ಕೇಳಿದ್ರ, ಯವ್ವಾ, ನಂಗೂ ಗೊತ್ತಿಲ್ಲ. ಮಂಗ್ಯಾ ಮಾತ್ರ ಕನ್ನಡದ್ದು, ಅದರಾಗ ಸುಳ್ಳಿಲ್ಲ.’ ಡ್ರೈವರು ಕಿಸಕ್ಕನೆ ನಕ್ಕು, ಕನ್ನಡಿಯಲ್ಲಿ ಅಯ್ಯನವರ ಮುಖ ನೋಡಿ ಕೆಮ್ಮಿದ. ಗಿರಿಯಮ್ಮ ಕಣ್ಣು ತೆರೆದು ಚೀಲದ ಕಡೆ ಕೈ ಚಾಚಿದಳು. ಒಮ್ಮೆ ಮುಟ್ಟಿ ನೋಡುತ್ತೇನೆ ಎಂದಳು. ಆದೆಮ್ಮ ತುಸು ತಡೆದು ಜಿಪ್ಪು ಎಳೆದಳು. ಮುದುಕಿ ಕೆಂಪು ಚೌಕದ ಮೇಲೆ ಕೈಯಾಡಿಸಿದಳು, ಆಮೇಲೆ ಮೂಸಿದಳು, ಮೂಸಿದ್ದೇ ಮುಖ ಹಿಂಡಿದಳು. ‘ಥೂ, ಒಮ್ಮೆರ ಒಗದಿಲ್ಲೇನ್ರಿ ಇದನ್ನ?’

ಒಗೆಯುವುದು ಹೇಗೆ? ಒಗೆದರೆ ಶಕ್ತಿ ಹೋದೀತೆಂದು ಜನ ಬಿಟ್ಟಿರಲಿಲ್ಲ. ಮೂವತ್ತೊಂದು ವರ್ಷದ ಜ್ವರ, ಕೆಮ್ಮು, ಕಣ್ಣೀರು, ಅಮೃತಾಂಜನ ಎಲ್ಲ ಅದರಲ್ಲಿತ್ತು. ಜೋಳದ ಹೊಲ ಮುಗಿದು ಭತ್ತದ ಹಸಿರು ಶುರುವಾದದ್ದನ್ನು ಕನಕರಾಜ ನೋಡಿದ. ಗಿರಿಯಮ್ಮ ಬೈದಿದ್ದರೆ, ಅತ್ತಿದ್ದರೆ, ಪೊಲೀಸು ಅಂದಿದ್ದರೆ ಅವನಿಗೆ ಸುಲಭವಿತ್ತು. ಅವಳು ಹಾಗೆ ಸುಮ್ಮನೆ ಕೂತಿರುವುದೇ ಅವನಿಗೆ ಕಷ್ಟವಾಯಿತು. ಕೌದಿ ಹೋದರೆ ಹೋಗಲಿ, ಇನ್ನೊಂದು ಹೊಲಿಸಬಹುದು, ಛೇ, ಇದೆಂಥ ಯೋಚನೆ. ಕೌದಿಯಲ್ಲ ಮಾತು. ಕರೆದದ್ದು ದೇವರಲ್ಲ, ಈಕೆ ಎಂದಾದರೆ ತಾನು ಯಾರು? ಯಾರೂ ಕರೆಯದೆ ಊಟಕ್ಕೆ ಬಂದು ಮೊದಲ ಪಂಕ್ತಿಯಲ್ಲೇ ಕೂತವನು. ಎದ್ದು ಹೋಗು ಎಂದು ಯಾರಾದರೂ ಅಂದಾರೆಂದು ಎಲೆಯಿಂದ ತಲೆ ಎತ್ತದೆ ಮೂವತ್ತೊಂದು ವರ್ಷ ಉಣ್ಣುತ್ತಲೇ ಇದ್ದವನು.

ಸಿಂಧನೂರಿನ ಪೆಂಡಾಲು ತುಂಬಿ ಹೊರಗೂ ಜನ ನಿಂತಿದ್ದರು. ಬಲಕ್ಕೆ ಕ್ಯಾಂಪಿನವರು, ಎಡಕ್ಕೆ ಊರವರು, ಯಾರೂ ಹೇಳದಿದ್ದರೂ ಪ್ರತಿ ಸಲ ಹಾಗೇ ಕೂರುತ್ತಿದ್ದರು. ಸ್ಟೇಜಿನ ಮೇಲೆ ಅವನಿಗೊಂದು ಖುರ್ಚಿ, ಕೌದಿಗೆ ಬಿಳಿ ಬಟ್ಟೆ ಹಾಸಿದ ಇನ್ನೊಂದು ಖುರ್ಚಿ. ಅವನ ಮಾತನ್ನು ತೆಲುಗಿಗೆ ತಿರುಗಿಸಲು ವೀರೇಶ ಮೈಕು ಹಿಡಿದು ಸಿದ್ಧನಿದ್ದ, ಹತ್ತು ವರ್ಷದಿಂದ ಅದೇ ಕೆಲಸ, ಸಾಕ್ಷಿಯಂತೂ ಅವನಿಗೆ ಬಾಯಿಪಾಠವಾಗಿ ಕನಕರಾಜನಿಗಿಂತ ಅರ್ಧ ಸೆಕೆಂಡು ಮೊದಲೇ ಹೇಳುತ್ತಿದ್ದ. ಗಿರಿಯಮ್ಮ ಎರಡನೇ ಸಾಲಿನಲ್ಲಿ, ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಈವತ್ತು ಸಾಕ್ಷಿ ಬೇಡ, ಬರೀ ವಾಕ್ಯ ಹೇಳಿ ಮುಗಿಸುತ್ತೇನೆ, ಎಂದುಕೊಂಡೇ ಕನಕರಾಜ ಎದ್ದ. ಸಾವಿರಾರು ಮುಖ ಕಂಡಿತು. ಬಾಯಿ ತೆರೆಯಿತು. ಜವಳಗೇರಾದ ಕಾಲುವೆಯ ದಂಡೆ, ಉರಿಬಿಸಿಲು, ಎಂದು ಶುರುಮಾಡಿತು. ಅವನು ಬೇಡ ಬೇಡ ಅನ್ನುತ್ತಿದ್ದಾಗಲೇ ಬಾಯಿ ತನ್ನ ಪಾಡಿಗೆ ತಾನು ಜ್ವರ ತಂದಿತು, ಮೂರು ದಿನ ಕಳೆಯಿತು, ನಾಡಿ ನಿಲ್ಲಿಸಿತು. ಎಂಥ ಚೆಂದದ ದನಿ ತನ್ನದು ಎಂದು ಆ ಹೊತ್ತಿನಲ್ಲೂ ಅನಿಸಿದ್ದಕ್ಕೆ ಅವನಿಗೆ ಅಸಹ್ಯವಾಯಿತು.

‘ಆಗ, ಪ್ರಿಯರೇ, ಮೇಲಿನಿಂದ ಒಂದು ಧ್ವನಿ! ಲೇ, ನರಪುತ್ರನೇ...’

‘ಹಂಗ ಅಂದಿಲ್ಲ ನಾ,’ ಅಂದಳು ಗಿರಿಯಮ್ಮ.

ಜಗಳದ ದನಿಯಲ್ಲ, ಲೆಕ್ಕ ತಪ್ಪಿದವರಿಗೆ ತಿದ್ದಿ ಹೇಳುವ ದನಿ. ಆದರೆ ನಾಟಿ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಪಳಗಿದ ಗಂಟಲು, ಮೈಕೇ ಬೇಕಿರಲಿಲ್ಲ. ಎದೆಗೆ ರಿಬ್ಬನ್ನು ಚುಚ್ಚಿಕೊಂಡ ಇಬ್ಬರು ಸೇವಕರು ಓಡಿ ಬಂದರು. ಒಬ್ಬ ಅವಳ ರಟ್ಟೆ ಹಿಡಿದ. ಅಮ್ಮಾ, ಹೊರಗೆ ನಡೀರಿ, ಎನ್ನುತ್ತಿದ್ದ. ಬುದ್ಧಿ ಸರಿಯಿಲ್ಲದ ಹೆಂಗಸು ಎಂದು ಆಗಲೇ ಯಾರೋ ಹಿಂದೆ ಹೇಳಿಯೂ ಆಗಿತ್ತು. ಏನೂ ಮಾಡಬೇಕಿರಲಿಲ್ಲ ಕನಕರಾಜ. ಕಣ್ಣು ಮುಚ್ಚಿ ಪ್ರಾರ್ಥನೆ ಅಂದಿದ್ದರೆ ಸಾಕು, ತೆರೆಯುವಷ್ಟರಲ್ಲಿ ಅವಳು ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದಳು, ಕೌದಿ ಖುರ್ಚಿಯ ಮೇಲಿರುತ್ತಿತ್ತು. ಮುದುಕಿಯ ತೊಡೆಯಿಂದ ಒಂದು ಚಪ್ಪಲಿ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಾಗಿದವಳನ್ನು ಸೇವಕ ಹಾಗೇ ಎಳೆದ. ಬಾಗಿದ ಆ ಬೆನ್ನು ನೋಡಿ ಕನಕರಾಜನಿಗೆ ಕಾಲುವೆಯ ದಂಡೆ ಎದುರಿಗೇ ಬಂದು ನಿಂತಿತು: ಓಡುತ್ತ ಒಮ್ಮೆ ತಿರುಗಿ ನೋಡಿದ್ದ ಅವನು. ಹೌದು, ನೋಡಿದ್ದ. ನೀರಿನಂಚಿಗೆ ಹೆಂಗಸೊಬ್ಬಳು ಒದ್ದೆ ಸೀರೆಯಲ್ಲಿ ನಿಂತು ಎರಡೂ ಕೈ ಚಾಚಿ, ಬೈಯುವುದನ್ನೂ ಬಿಟ್ಟು, ಯವ್ವಾ ಯವ್ವಾ ಅಂತಿದ್ದಳು.

‘ಬಿಡೋ ಅಕಿನ್ನ!’ ಎಂದು ಕೂಗಿದ. ಮೈಕು ಕಿರ್ ಎಂದಿತು. ‘ಮುಟ್ಟಬ್ಯಾಡ್ರಿ. ನನ್ನ ಕರದಾಕಿ ಅಕಿ.’

ಚೆಂದದ ದನಿ ಎಲ್ಲೋ ಹೋಗಿತ್ತು. ಇಪ್ಪತ್ತೆರಡು ವರ್ಷದವನ ಒಡಕು ಕನ್ನಡ ಬಾಯಿಗೆ ಬಂತು. ‘ನಂಗ ಜ್ವರ ಬಂದಿದ್ದಿಲ್ಲರಿ. ಕುಡದ ಮಲಗಿದ್ದೆ. ಕೌದಿ ಈ ಯವ್ವಂದು, ಅವರವ್ವನ ಸೀರಿಲೆ ಹೊಲದಿದ್ಲು. ನಾ ಅದನ್ನ ಹೊತ್ಕೊಂಡು ಓಡಿದೆ. ಕಳುವು ಮಾಡೀನಿ.’ ವೀರೇಶ ಬಾಯಿ ತೆರೆದವನು ಹಾಗೇ ಇದ್ದ, ಅವನ ಬಾಯಿಪಾಠದಲ್ಲಿ ಈ ಸಾಲು ಇರಲಿಲ್ಲ. ‘ಹೇಳೋ ವೀರೇಶ, ತೆಲುಗಿನ್ಯಾಗ ಹೇಳು, ಕಳ್ಳ ಅಂತನಽ ಹೇಳು,’ ಅಂದ ಕನಕರಾಜ. ವೀರೇಶ ಹೇಳಿದ, ಆದಷ್ಟು ಮೆಲ್ಲಗೆ. ಬಲಗಡೆಯ ಸಾಲುಗಳಲ್ಲಿ ಸೆರಗು ಬಾಯಿಗೆ ಹೋದವು. ಕನಕರಾಜ ಸ್ಟೇಜಿನ ಅಂಚಿಗೆ ಬಂದು, ಜನರ ಕಡೆ ಕಾಲು ಇಳಿಬಿಟ್ಟು, ಬಸ್ಸು ತಪ್ಪಿದವನ ಹಾಗೆ ಕೂತುಬಿಟ್ಟ.

ಸ್ಟೇಜಿನ ಮೂಲೆಯಲ್ಲಿ ಕೂತಿದ್ದ ಆದೆಮ್ಮ ಎದ್ದಳು. ಆಕೆ ಖುರ್ಚಿಯ ಮೇಲಿನ ಚೀಲದಿಂದ ಕೌದಿ ತೆಗೆದು ನಾಲ್ಕು ಮಡಿಕೆ ಮಾಡಿ, ಕೆಳಗಿಳಿದು, ಬಿದ್ದ ಚಪ್ಪಲಿಯನ್ನು ಸೆರಗಿನಿಂದ ಒರೆಸಿ ಗಿರಿಯಮ್ಮನ ಕಾಲ ಹತ್ತಿರ ಇಟ್ಟು, ಕೌದಿಯನ್ನು ಅವಳ ತೋಳಿಗೆ ಕೊಟ್ಟಳು. ಮುದುಕಿ ಕೆಂಪು ಚೌಕವನ್ನು ಗಲ್ಲಕ್ಕೆ ಒತ್ತಿಕೊಂಡಳು, ಈ ಸಲ ವಾಸನೆಗೆ ಮುಖ ಹಿಂಡಲಿಲ್ಲ. ಅಳು ಬಂತು, ಅತ್ತಳು. ಎಡಗಡೆಯ ಹೆಂಗಸರೂ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ವೀರೇಶನಿಗೆ ಏನು ತೋಚಿತೋ, ಕೆಲಸದ ಚಟವೋ ಏನೋ, ಕೆಳಗಿಳಿದು ಮೈಕು ಅವಳ ಬಾಯಿಗೆ ಹಿಡಿದು, ‘ಅಜ್ಜಿ, ಹಂಗಾರ ನೀವು ಆವತ್ತ ಅಂದಿದ್ದೇನು?’ ಅಂದ.

ಗಿರಿಯಮ್ಮ ಸುತ್ತಲೂ ನೋಡಿದಳು. ಇಷ್ಟು ಜನರ ಎದುರಿಗೆ ಹೇಗೆ ಅನ್ನುವುದು ಎಂಬಂತೆ ಕನಕರಾಜನ ಮುಖ ನೋಡಿದಳು. ಅವನು, ಅನ್ನಿ, ಎಂದು ತಲೆ ಆಡಿಸಿದ.

‘ಲೇ! ಮಂಗ್ಯಾನ ಮಗನ, ಏಳಲೇ!’

ನಾಲ್ಕೂ ಸ್ಪೀಕರಿನಿಂದ ಬಂತು ಅದು. ಎಡಗಡೆಯವರು ಹೋ ಎಂದು ನಕ್ಕರು. ವೀರೇಶನ ಗಂಟಲಿಗೆ ಮಂಗ ಅಡ್ಡ ಬಂದು, ತೆಲುಗಿಗೆ ಮೊದಲ ಶಬ್ದವನ್ನಷ್ಟೇ ದಾಟಿಸಿದ: ‘ಲೇ!’ ಬಲಗಡೆಯ ಮುಂದಿನ ಸಾಲಿನ ಮುದುಕಿಯೊಬ್ಬಳು ಕೋಲು ಊರಿ ಎದ್ದು ನಿಂತಳು. ಅವಳ ಹಿಂದಿನವರು ಎದ್ದರು, ಅವರ ಹಿಂದಿನವರು ಎದ್ದರು, ಭತ್ತದ ಗದ್ದೆಗೆ ಗಾಳಿ ಬಂದಂತೆ ಬಲಗಡೆಯೆಲ್ಲ ಎದ್ದಿತು. ಅವರೇಕೆ ಎದ್ದರೆಂದು ತಿಳಿಯದೆ ನಗುತ್ತಿದ್ದ ಎಡಗಡೆಯವರೂ, ಕಣ್ಣೊರೆಸಿಕೊಳ್ಳುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ರಿಬ್ಬನ್ನಿನ ಸೇವಕರೂ ನೆಟ್ಟಗೆ ನಿಂತರು. ಆದೆಮ್ಮ ನಿಂತೇ ಇದ್ದಳು. ಕೂತವನು ಕನಕರಾಜ ಒಬ್ಬನೇ. ಒಗ್ಗರಣಿಯ ಅರಿಶಿಣ ಇನ್ನೂ ಅಂಟಿದ್ದ ಬೆರಳುಗಳನ್ನು ನೋಡುತ್ತ ಕೂತಿದ್ದ.

ಗಿರಿಯಮ್ಮ ಕೌದಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಅವನ ಎದುರಿಗೆ ಬಂದಳು. ಮೈಕು ದೂರವಿತ್ತು, ದನಿ ಅವನೊಬ್ಬನಿಗೇ ಕೇಳುವಷ್ಟಿತ್ತು.

‘ಮಂದಿ ಎಲ್ಲಾ ಎದ್ದೈತಿ. ನೀ ಯಾಕ ಕುಂತೀಯಲೇ? ಏಳು.’

ಅವನು ಎದ್ದ. ಅಭ್ಯಾಸಬಲದಿಂದ ಕೈ ಕೆಳಗೆ ತಡಕಾಡಿತು. ಹೊತ್ತುಕೊಳ್ಳಲು ಈ ಸಲ ಅಲ್ಲಿ ಏನೂ ಇರಲಿಲ್ಲ.